ತೆರೆದರೆ ಅಳಿಯುವ ಫೈಲು

"ಒತ್ತಿ ಸಾರ್," ಎಂದೆ. "ಒಂದೇ ಒಂದು ಕೀ. ಈ ಪ್ರೋಗ್ರಾಮು ಸಾಚಾ ಆಗಿದ್ರೆ ಏನೂ ಆಗೋದಿಲ್ಲ. ಪೊಲೀಸರ ಮುಂದೆ ನೀವೇ ಹಾಗಂತ ಹೇಳಿಕೆ ಕೊಟ್ಟಿದ್ದೀರಲ್ಲ."

ಕಾಮೇಶ್ವರ ರಾಯರ ತೋರುಬೆರಳು ಎಂಟರ್ ಕೀಯ ಮೇಲೆ ಬಂದು ನಿಂತಿತು. ಹಾಗೇ ಹಿಂದಕ್ಕೂ ಹೋಯಿತು. ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು. ಆಗಲೇ ಒರೆಸಿ ಒರೆಸಿ ಫಳಫಳ ಹೊಳೆಯುತ್ತಿದ್ದ ಕನ್ನಡಕ.

ವಿಜಯವಾಡದ ಗವರ್ನರ್‌ಪೇಟೆಯಲ್ಲಿ ಕಳಿಂಗತೀರ ಡ್ರಗ್ಸ್ ಕಂಪನಿಯ ಶಾಖೆ. ಕೆಳಗೆ ಔಷಧದ ಗೋದಾಮು, ಮೇಲೆ ಕಂಪ್ಯೂಟರ್ ಕೋಣೆ. ಭಾನುವಾರದ ಮಧ್ಯಾಹ್ನ. ಹೊರಗೆ ಬಿಸಿಲು ಟಾರನ್ನು ಕರಗಿಸುತ್ತಿತ್ತು, ಒಳಗೆ ಎ.ಸಿ. ಗೊರಗೊರ ಎನ್ನುತ್ತಿತ್ತು. ಕಂಪ್ಯೂಟರಿಗೆ ಧೂಳು ಆಗದೆಂದು ನಾವು ಮೂವರೂ ಚಪ್ಪಲಿಗಳನ್ನು ಬಾಗಿಲ ಹೊರಗೇ ಬಿಟ್ಟು ಬಂದಿದ್ದೆವು. ಕಳೆದ ಆಯುಧಪೂಜೆಯ ಕುಂಕುಮ ಇನ್ನೂ ಯಂತ್ರದ ಹಣೆಯ ಮೇಲಿತ್ತು. ಪೂಜೆ ಮಾಡಿಸಿಕೊಂಡ ಯಂತ್ರದಿಂದಲೇ ಜನರನ್ನು ಕೊಲ್ಲಿಸಿದ್ದಾರೆ, ಪುಣ್ಯಾತ್ಮರು!

ಮೂರನೆಯವರು ಪದ್ಮಾ, ಈ ಶಾಖೆಯ ಕಂಪ್ಯೂಟರ್ ಆಪರೇಟರ್. ಇಬ್ಬರು ಮಕ್ಕಳ ತಾಯಿ. ತಂದೆ ಶಿವಮೊಗ್ಗದಿಂದ ಬಂದ ಬ್ಯಾಂಕ್ ಗುಮಾಸ್ತರು, ಗಂಡ ಇಲ್ಲಿಯವರು. ಆಕೆ ಬಾಗಿಲಿಗೆ ಬೆನ್ನು ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದರು. ರಾಯರು ಹೊರಗೆ ಹೋಗಬೇಕೆಂದರೆ ಅವರನ್ನು ದಾಟಿಯೇ ಹೋಗಬೇಕಿತ್ತು.

"ಅಮ್ಮಾ ವಿಜಯಾ," ಎಂದರು ರಾಯರು ನನ್ನ ಕಡೆ ತಿರುಗಿ. ಅವರ ತಾಯಿ ಬಳ್ಳಾರಿಯವರು. ತೆಲುಗು ಬೆರೆತ ಅವರ ಕನ್ನಡ ಬೆಣ್ಣೆಯಂತೆ ಇರುತ್ತಿತ್ತು, 'ಅಲ್ಲವೇ' ಎನ್ನಬೇಕಾದ ಕಡೆ 'ಕದಾ' ಎನ್ನುತ್ತಿದ್ದರು. "ನಾನು ಇರೋದು ವೈಜಾಗ್ ಆಫೀಸಲ್ಲಿ. ಇದು ಇನ್ನೊಂದು ಬ್ರಾಂಚಿನ ಮೆಷೀನು ಕದಾ. ನಾನು ಮುಟ್ಟಿದ್ರೆ ರೂಲ್ಸಿಗೆ ವಿರುದ್ಧ ಆಗುತ್ತೆ."

"ರೂಲ್ಸು!" ಎಂದೆ. ನಗು ಬಂತು, ಒಳ್ಳೆಯ ನಗುವಲ್ಲ.

ಈ ಮನುಷ್ಯನ ರೂಲ್ಸಿನಿಂದಲೇ ನನ್ನ ತಮ್ಮ ಅಶ್ವತ್ಥ ವಿಶಾಖಪಟ್ಟಣದ, ಅಂದರೆ ಇವರ ವೈಜಾಗಿನ, ಜೈಲಿನಲ್ಲಿ ಕೊಳೆಯುತ್ತಿದ್ದ. ಕೆಟ್ಟುಹೋದ ಗ್ಲೂಕೋಸ್ ಬಾಟಲಿಗಳು ಯಾವ ಊರಿನ ಯಾವ ಆಸ್ಪತ್ರೆಗೆ ಹೋಗಿವೆ ಎಂದು ಹೇಳಬಲ್ಲ ಏಕೈಕ ಫೈಲನ್ನು ಅವನು ಕಂಪ್ಯೂಟರಿನಿಂದ ಅಳಿಸಿದ ಎಂಬುದು ಆರೋಪ. ಫೈಲು ಹೋದ್ದರಿಂದ ಬಾಟಲಿಗಳನ್ನು ವಾಪಸು ತರಿಸಲು ಆಗಲಿಲ್ಲ. ಮೊದಲ ಸಾವುಗಳಾದ ಮೇಲೂ ಊರೂರಲ್ಲಿ ರೋಗಿಗಳ ಕೈಗೆ ಅದೇ ಬಾಟಲಿ ಏರುತ್ತಲೇ ಇತ್ತು.

ಪೊಲೀಸರಿಗೆ ರಾಯರು ಹೇಳಿದ್ದು ಇಷ್ಟೇ: "ಪ್ರೋಗ್ರಾಮಿನಲ್ಲಿ ತಪ್ಪಿಲ್ಲ, ಎಲ್ಲ ಪ್ರೋಗ್ರಾಮಿಗೂ ಸೇರುವ ಮಾಡ್ಯೂಲಿನಲ್ಲೂ ತಪ್ಪಿಲ್ಲ. ಹಾಗಿದ್ದರೆ ಹುಡುಗ ಕೈಯಾರೆ ಅಳಿಸಿರಬೇಕು." ಹೇಳಿ ಕಣ್ಣೊರೆಸಿಕೊಂಡರಂತೆ. ಅಶ್ವತ್ಥನಿಗೆ ಕೆಲಸ ಕಲಿಸಿದ ಗುರು ಅಲ್ಲವೇ, ದುಃಖ ಆಗದೆ ಇರುತ್ತದೆಯೇ? ನಮ್ಮ ಮನೆಯಲ್ಲಿ ಎಷ್ಟು ಸಲ ಬಿಸಿಬೇಳೆ ಬಾತ್ ತಿಂದು "ಅನ್ನಪೂರ್ಣೆ ಕದಮ್ಮಾ ನೀನು" ಎಂದಿದ್ದರೋ! ಆ ಮಾತು ನೆನಪಾದಾಗಲೆಲ್ಲ ಬಡಿಸಿದ ಕೈಯನ್ನೇ ಸುಟ್ಟುಕೊಳ್ಳಬೇಕು ಅನ್ನಿಸುತ್ತಿತ್ತು.

ಪತ್ತೇದಾರಿಕೆ ನನ್ನ ಕಸುಬಲ್ಲ. ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ಅಧಿಕಾರಿ ನಾನು. ಮೈಸೂರಿನಿಂದ ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದವಳು. ನನ್ನ ಹಿಂದೆ ಬಂದ ಗಂಡ ಚಂದ್ರಮೌಳಿ ಈ ಔಷಧ ಕಂಪನಿಯಲ್ಲಿ ಗೋದಾಮು ಮ್ಯಾನೇಜರ್ ಆದರು, ಅಶ್ವತ್ಥನಿಗೂ ಅಲ್ಲೇ ರಾಯರ ಕೈಕೆಳಗೆ ಪ್ರೋಗ್ರಾಮರ್ ಕೆಲಸ ಕೊಡಿಸಿದರು. ಕಂಪನಿಯ ತಂಟೆಗೆ ಹೋಗಬೇಡ ಎಂದು ಅವರು ಅಂಗಲಾಚುತ್ತಿದ್ದರಿಂದ, ಸತ್ಯನಾರಾಯಣ ವ್ರತಕ್ಕೆ ಅನ್ನವರಂಗೆ ಹೋಗುತ್ತೇನೆ ಎಂದು ಸುಳ್ಳು ಹೇಳಿ ನಾನು ವಿಜಯವಾಡದ ರೈಲು ಹತ್ತಿದ್ದೆ.

ಈ ಪ್ರೋಗ್ರಾಮುಗಳನ್ನು ಬರೆಯುವ ಕೋಬಾಲ್ ಭಾಷೆ ನನಗೆ ಚೆನ್ನಾಗಿ ಗೊತ್ತು. ಅದರಲ್ಲಿ ಫೈಲು ತೆರೆಯುವುದಕ್ಕೆ ಹಲವು ಬಗೆ. ಓದಲು ತೆರೆಯಬಹುದು, ತಿದ್ದಲು ತೆರೆಯಬಹುದು, ಕೊನೆಗೆ ಸೇರಿಸಲು ತೆರೆಯಬಹುದು. ಇನ್ನೊಂದು ಬಗೆ ಇದೆ, ಹೊಸದಾಗಿ ಬರೆಯಲು ತೆರೆಯುವುದು. ತುಂಬಿದ ಫೈಲನ್ನು ಹಾಗೆ ತೆರೆದಿರೋ, ಯಂತ್ರ ನಿಮ್ಮನ್ನು ಒಂದು ಮಾತೂ ಕೇಳದೆ ಒಳಗಿದ್ದುದನ್ನೆಲ್ಲ ಎಸೆದು ಖಾಲಿ ಫೈಲು ಕೈಗಿಡುತ್ತದೆ.

ಅದಕ್ಕೇ ಕಳಿಂಗತೀರದಲ್ಲಿ ಫೈಲು ತೆರೆಯುವ ಸಾಲುಗಳನ್ನು ಯಾರೂ ಸ್ವಂತ ಬರೆಯುವಂತಿರಲಿಲ್ಲ. ಎಲ್ಲರಿಗೂ ಸೇರಿ ಒಂದೇ ಮಾಡ್ಯೂಲು. 'ಫೈಲು ಇದ್ದರೆ ತಿದ್ದಲು ತೆರೆ, ಇಲ್ಲದಿದ್ದರೆ ಮಾತ್ರ ಹೊಸದು ಮಾಡು' ಎಂಬುದು ಅದರ ತಿರುಳು. ಅದನ್ನು ನಿಮ್ಮ ಪ್ರೋಗ್ರಾಮಿಗೆ ಸೇರಿಸು ಎಂದು ಒಂದು ಸಾಲು ಬರೆದರೆ ಮುಗಿಯಿತು. ಆ ಮಾಡ್ಯೂಲನ್ನು ತಿದ್ದುವ ಹಕ್ಕಿದ್ದದ್ದು ಒಬ್ಬರಿಗೇ, ಈಗ ನನ್ನ ಮುಂದೆ ಕನ್ನಡಕ ಒರೆಸುತ್ತಿದ್ದ ಕಾಮೇಶ್ವರ ರಾಯರಿಗೆ.

"ನನಗೆ ಅರ್ಥ ಆಗ್ತಾ ಇಲ್ಲಮ್ಮಾ," ಎಂದರು ಅವರು. "ಮಾಡ್ಯೂಲು ಕೆಟ್ಟಿದ್ರೆ ಆಫೀಸಿನ ಎಲ್ಲಾ ಪ್ರೋಗ್ರಾಮೂ ಫೈಲುಗಳನ್ನ ನುಂಗಿ ಹಾಕಬೇಕಿತ್ತು ಕದಾ? ಒಂದೇ ಒಂದು ಫೈಲು ಯಾಕೆ ಹೋಯ್ತು?"

"ಇದನ್ನ ಪೊಲೀಸರಿಗೆ ಹೇಳಿ ಸಾರ್, ನಂಬ್ತಾರೆ. ನನ್ನ ಹತ್ರ ಬೇಡ." ನಾನು ಕುರ್ಚಿ ಎಳೆದುಕೊಂಡು ಅವರ ಪಕ್ಕದಲ್ಲೇ ಕೂತೆ. "ಪ್ರೋಗ್ರಾಮನ್ನ ಕಂಪೈಲ್ ಮಾಡಿ ಯಂತ್ರದ ಭಾಷೆಗೆ ಇಳಿಸೋ ಹೊತ್ತಿಗೆ ಮಾಡ್ಯೂಲು ಹೇಗಿರುತ್ತೋ ಹಾಗೇ ಅದರೊಳಗೆ ಸೇರುತ್ತೆ. ಬಾವಿಯಿಂದ ಕೊಡ ತುಂಬಿಸಿದ ಹಾಗೆ. ಆಮೇಲೆ ಬಾವಿಗೆ ವಿಷ ಹಾಕಿದ್ರೂ ಮೊದಲೇ ತುಂಬಿಸಿದ ಕೊಡಗಳಿಗೆ ಏನೂ ಆಗಲ್ಲ. ಹೌದೋ ಅಲ್ವೋ?"

ಅವರು ಕನ್ನಡಕದ ಇನ್ನೊಂದು ಗಾಜು ಒರೆಸತೊಡಗಿದರು.

"ಫೈಲು ಹೋದ ದಿನದ ಹಿಂದಿನ ಸಂಜೆ ನೀವು ಬಾವಿಗೆ ವಿಷ ಹಾಕಿದ್ರಿ. 'ಇಲ್ಲದಿದ್ದರೆ ಮಾತ್ರ' ಅನ್ನೋದನ್ನ ಕಿತ್ತು ಹಾಕಿದ್ರಿ. ಬೆಳಿಗ್ಗೆ ಅಶ್ವತ್ಥ ಒಬ್ಬನೇ ಬಂದು ಕೊಡ ತುಂಬಿಸಿದ. ಬಾಟಲಿ ಪಟ್ಟಿಯ ತಲೆಬರಹ ಚಂದ ಮಾಡೋಕೆ ಅಂತ ಪ್ರೋಗ್ರಾಮನ್ನ ಮತ್ತೆ ಕಂಪೈಲ್ ಮಾಡಿದ. ಮಧ್ಯಾಹ್ನ ಓಡಿಸಿದ, ಬಾಟಲಿಗಳ ಫೈಲು ಖಾಲಿ ಆಯ್ತು. ಸಂಜೆ ಬ್ಯಾಕಪ್ ತೆಗೆಯೋರು ಎಂದಿನ ಹಾಗೆ ಹಳೇ ಟೇಪಿನ ಮೇಲೆ ಆ ಖಾಲಿ ಫೈಲನ್ನೇ ಬರೆದ್ರು. ನೀವು ಮಾಡ್ಯೂಲನ್ನ ಮೊದಲಿನ ಹಾಗೆ ಮಾಡಿ, ಅವನ ಪ್ರೋಗ್ರಾಮನ್ನ ಇನ್ನೊಂದು ಸಲ ಕಂಪೈಲ್ ಮಾಡಿಟ್ರಿ. ವೈಜಾಗಲ್ಲಿ ಈಗ ಎಲ್ಲಾ ಸ್ವಚ್ಛ."

"ಊಹೆ, ಅಮ್ಮಾ. ಬರೀ ಊಹೆ."

"ಶನಿವಾರದ ವ್ಯಾನು ಮರೆತುಬಿಟ್ರಿ ಸಾರ್."

ಅವರ ಕೈಯಲ್ಲಿದ್ದ ಕನ್ನಡಕ ನಿಂತಿತು. ಅದನ್ನು ನೋಡುವುದಕ್ಕೆಂದೇ ನಾನು ಇಷ್ಟು ದೂರ ಬಂದಿದ್ದೆ.

ಪ್ರತಿ ಶನಿವಾರ ಮಧ್ಯಾಹ್ನ ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಔಷಧದ ವ್ಯಾನು ಹೊರಡುತ್ತಿತ್ತು. ಆ ವಾರ ಹೊಸದಾಗಿ ಕಂಪೈಲ್ ಆದ ಪ್ರೋಗ್ರಾಮುಗಳು ಫ್ಲಾಪಿಯಲ್ಲಿ ಕೂತು, ಕೆಮ್ಮಿನ ಔಷಧದ ಪೆಟ್ಟಿಗೆಗಳ ಜೊತೆ ಇಲ್ಲಿಗೆ ಬರುತ್ತಿದ್ದವು. ಇದು ರಾಯರೇ ಮಾಡಿದ ಪದ್ಧತಿ. ಮಾಡ್ಯೂಲು ಒಂದೇ, ಅದು ತನ್ನ ಕೈಯಲ್ಲೇ ಇದೆ ಎಂದು ಹೆಮ್ಮೆಪಡುತ್ತಿದ್ದವರಿಗೆ ಅದರ ನಕಲು ಕೊಡದಲ್ಲಿ ಕೂತು ಊರು ಬಿಟ್ಟಿದ್ದು ಹೊಳೆಯಲೇ ಇಲ್ಲ. ಫೈಲು ಹೋದದ್ದೂ ಶನಿವಾರವೇ.

"ಬಂದ ಫ್ಲಾಪಿನ ನಾನು ಎಂದೂ ಬಿಸಾಡೋದಿಲ್ಲ ಸಾರ್," ಎಂದರು ಪದ್ಮಾ ಬಾಗಿಲಿಂದಲೇ. "ಆ ಪ್ರೋಗ್ರಾಮು ಇಲ್ಲಿ ಯಾರಿಗೂ ಬೇಕಾಗಿರಲಿಲ್ಲ, ಅದಕ್ಕೆ ಯಾರೂ ಓಡಿಸಲೂ ಇಲ್ಲ."

ಕಂಪೈಲ್ ಆದ ಪ್ರೋಗ್ರಾಮನ್ನು ಯಾರೂ ಬಿಡಿಸಿ ಓದಲಾರರು, ಮಾಡಿದವನ ಬಾಯಿಂದಲೇ ಬರಬೇಕು ಎಂದು ನಮ್ಮ ವಕೀಲರು ಹೇಳಿದ್ದರು. ಅದಕ್ಕೇ ಬ್ಯಾಂಕಿನ ಕಂಪ್ಯೂಟರ್ ಕೆಲಸಕ್ಕೆ ಸಲಹೆ ಬೇಕೆಂದು ಸುಳ್ಳು ಹೇಳಿ ರಾಯರನ್ನು ಇಲ್ಲಿಗೆ ಕರೆಸಿದ್ದೆ.

"ಒತ್ತೋ ಮುಂಚೆ ಒಂದು ಸಲ ಫೈಲು ನೋಡಿಬಿಡಿ," ಎಂದೆ. "ಪರೀಕ್ಷೆಗೆ ಅಂತ ನಾವೇ ತುಂಬಿಸಿದ್ದು."

ಪರದೆಯ ಮೇಲೆ ಹಸಿರು ಅಕ್ಷರಗಳು ಒಂದರ ಕೆಳಗೊಂದು ಮೂಡಿದವು. ಔಷಧದ ಅಂಗಡಿಗಳ ಹೆಸರು ಇರಬೇಕಾದ ಕಡೆ ನಾನು ಮನುಷ್ಯರ ಹೆಸರು ಹಾಕಿದ್ದೆ. ಆ ಬಾಟಲಿಗಳಿಂದ ಸತ್ತವರ ಹೆಸರು.

ರಾಯರು ಕನ್ನಡಕ ಹಾಕಿಕೊಂಡು ಓದಿದರು. ಮೊದಮೊದಲು ಯಾಂತ್ರಿಕವಾಗಿ ಓದುತ್ತಿದ್ದವರು ಒಂದು ಹೆಸರಿನ ಬಳಿ ಮುಂದಕ್ಕೆ ಬಾಗಿದರು.

"ಸೂರ್ಯಕಾಂತಮ್ಮ," ಎಂದರು. ಪದ್ಮಾರ ಕಡೆ ತಿರುಗಿದರು. "ನಿಮ್ಮ ಅತ್ತಗಾರಾ?"

"ಅವರೇ," ಎಂದರು ಪದ್ಮಾ. "ನೀವು ಈ ಬ್ರಾಂಚಿಗೆ ಬಂದಾಗಲೆಲ್ಲ ಗೋಂಗೂರ ಪಚ್ಚಡಿ ಕಟ್ಟಿ ಕಳಿಸ್ತಿದ್ರಲ್ಲ, ಅವರೇ. ಬರೀ ಭೇದಿ ಆಗಿತ್ತು ಸಾರ್. ಒಂದು ಬಾಟಲು ಹಾಕಿದ್ರೆ ಸಂಜೆಗೆ ಮನೆಗೆ ಬರ್ತಾರೆ ಅಂದ್ರು."

"ನನಗೆ ಯಾರೂ ಹೇಳಲಿಲ್ಲ ತಲ್ಲೀ."

"ಹೇಳಿದ್ರೆ ಏನ್ ಮಾಡ್ತಿದ್ರಿ?" ನನ್ನ ದನಿ ನನಗೇ ಒರಟಾಗಿ ಕೇಳಿಸಿತು. "ಅವರು ಸತ್ತಿದ್ದು ಫೈಲು ಹೋದಮೇಲೆ ಸಾರ್. ಫೈಲು ಇದ್ದಿದ್ರೆ ಆ ಬಾಟಲಿನ ಮುಂಚೇನೇ ವಾಪಸು ತರಿಸ್ತಿದ್ರು. ಒತ್ತಿ. ಒಂದು ಸಲ ಅಳಿಸಿದ್ದೀರಿ, ಇನ್ನೊಂದು ಸಲ ಅಳಿಸಿ."

ಅವರು ಒತ್ತಲಿಲ್ಲ. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಪೆಟ್ಟು ತಿಂದ ಶಾಲೆಯ ಹುಡುಗನ ಹಾಗೆ ಕೂತರು. ಪದ್ಮಾ ಬಾಗಿಲು ಬಿಟ್ಟು ಬಂದು, ನಮ್ಮಿಬ್ಬರ ನಡುವೆ ಕೈ ಚಾಚಿ, ಎಂಟರ್ ಒತ್ತಿಬಿಟ್ಟರು.

ತಲೆಬರಹ ಚಂದವಾಗಿಯೇ ಬಂತು. ಅಶ್ವತ್ಥನ ಕೆಲಸ ಯಾವಾಗಲೂ ಅಚ್ಚುಕಟ್ಟು. ಅದರ ಕೆಳಗೆ ಏನೂ ಇರಲಿಲ್ಲ. ಫೈಲನ್ನು ಮತ್ತೆ ತೆರೆದು ನೋಡಿದೆ. ಒಂದು ಹೆಸರೂ ಉಳಿದಿರಲಿಲ್ಲ.

ಪದ್ಮಾ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದರು. ನನಗೆ ಅಳು ಬರಲಿಲ್ಲ. ಖುಷಿಯಾಯಿತು. ತಿಂಗಳುಗಟ್ಟಲೆ ಸಾಕಿಕೊಂಡಿದ್ದ ಸಿಟ್ಟಿಗೆ ಕೊನೆಗೂ ಒಂದು ಮುಖ ಸಿಕ್ಕಿತ್ತು, ಆ ಮುಖ ಬೆವರುತ್ತಿತ್ತು. ಈ ಮನುಷ್ಯ ಇನ್ನೂ ಬೆವರಲಿ, ಜೈಲಿನ ನೆಲದ ಮೇಲೆ ಮಲಗಲಿ, ನನ್ನ ತಮ್ಮ ತಿಂದ ಅನ್ನವನ್ನೇ ತಿನ್ನಲಿ ಎಂದು ಮನಸಾರೆ ಬಯಸಿದೆ.

"ಮಾಡ್ಯೂಲು ತಿದ್ದಿದ್ದು ನಾನೇ," ಎಂದರು ರಾಯರು ಕೊನೆಗೆ. "ಓನರ್ ಜಗನ್ಮೋಹನ್ ಗಾರು ಎದುರಿಗೇ ಕೂತು ಮಾಡಿಸಿದ್ರು. ಡ್ರಗ್ ಇನ್ಸ್‌ಪೆಕ್ಟರ್ ಬರೋ ಮುಂಚೆ ಫೈಲು ಹೋಗಬೇಕು, ಯಾರ ಕೈಯೂ ಕಾಣಬಾರದು ಅಂದ್ರು. ನನಗೆ ಭಯ ಆಯ್ತಮ್ಮಾ. ಮಾಡಿದೆ."

"ಬೆಳಿಗ್ಗೆ ಅಶ್ವತ್ಥಂಗೆ ಕಂಪೈಲ್ ಮಾಡು ಅಂದ್ರಿ. ಗುರುಗಳ ಮಾತು ಅಂತ ಅವನು ಮಾಡಿದ. ಈಗ ನಿಮ್ಮ ಹೆಸರು ಹೇಳೋಕೆ ಮನಸ್ಸು ಬರದೆ, 'ಯಾರೂ ಹೇಳಿಲ್ಲ, ನಾನೇ ಮಾಡಿದೆ' ಅಂತ ಬಾಯಿ ಮುಚ್ಚಿಕೊಂಡಿದ್ದಾನೆ. ನೀವು ಅವನ ಋಣಾನೂ ತಿಂದ್ರಿ."

"ಕಾದಮ್ಮಾ, ಅಲ್ಲ." ರಾಯರು ತಲೆ ಎತ್ತಿದರು. "ಅದು ಮಾತ್ರ ನಾನಲ್ಲ. ಆ ಬೆಳಿಗ್ಗೆ ನಾನು ಆಫೀಸಿಗೇ ಹೋಗಿಲ್ಲ. ಕಸ್ಟಮ್ಸಿನ ಕೆಲಸ ಅಂತ ಜಗನ್ಮೋಹನ್ ಗಾರು ನನ್ನನ್ನ ಬಂದರಿಗೆ ಕಳಿಸಿದ್ರು. ಕಂಪೈಲ್ ಯಾರಿಂದ ಮಾಡಿಸ್ತೀರಿ ಅಂತ ಕೇಳಿದೆ. ಅದಕ್ಕೆ ಬೇರೆ ಜನ ಇದ್ದಾರೆ, ನಿನಗೆ ಯಾಕೆ ಅಂದ್ರು."

"ಸುಳ್ಳು."

"ನಾನು ಜೈಲಿಗೆ ಹೋಗೋದು ಹೇಗೂ ಖಾಯಂ ಆಯ್ತು. ಈಗ ಸುಳ್ಳು ಹೇಳಿ ನನಗೆ ಏನು ಬರಬೇಕು?" ಅವರ ದನಿಯಲ್ಲಿ ಬೆಣ್ಣೆ ಹೋಗಿತ್ತು. "ನೀನು ಜಾಣೆ, ಕೊಡ, ಬಾವಿ ಎಲ್ಲಾ ಹೇಳಿದೆ. ಆ ಫೈಲಲ್ಲಿ ಬಾಟಲಿ ಹೋದ ಊರು ಮಾತ್ರ ಇತ್ತಾ? ಲ್ಯಾಬಿನವರು ತಡೆಹಿಡೀರಿ ಅಂದ ಬಾಟಲಿಗಳನ್ನ ಗೋದಾಮಿಂದ ಹೊರಗೆ ಬಿಟ್ಟವರ ಹೆಸರೂ ಇತ್ತು ಕದಾ. ಬಿಡೋ ಅಧಿಕಾರ ಯಾರಿಗಿದೆ?"

ಗೋದಾಮು ಮ್ಯಾನೇಜರಿಗೆ. ಅಂದರೆ ನನ್ನ ಗಂಡನಿಗೆ.

"ಅಶ್ವತ್ಥ ಯಾರನ್ನ ಉಳಿಸ್ತಾ ಇದ್ದಾನೆ? ನನ್ನನ್ನಾ?" ಎಂದರು ರಾಯರು. "ನನ್ನ ಹೆಸರು ಹೇಳಿದ್ರೆ ಅವನ ಅಕ್ಕನಿಗೆ ಏನು ನಷ್ಟ?"

ನಾನು ಎದ್ದು ಅವರ ಕೆನ್ನೆಗೆ ಬಾರಿಸಿದೆ. ಕನ್ನಡಕ ಹಾರಿ ಕೀಬೋರ್ಡಿನ ಮೇಲೆ ಬಿತ್ತು. ಅವರು ತಡೆಯಲಿಲ್ಲ, ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. ಹೊಡೆದ ಮೇಲೆ ನನಗೆ ಅವರ ಮೇಲೆ ಸಿಟ್ಟೇ ಉಳಿದಿಲ್ಲವೆಂದು ಗೊತ್ತಾಯಿತು. ಸಿಟ್ಟು ಬೇರೆಲ್ಲೋ ಹೋಗಿ ನಿಂತಿತ್ತು. ಅದು ಎಲ್ಲಿ ಎಂದು ನೋಡಲು ನನಗೆ ಹೆದರಿಕೆಯಾಯಿತು.

ಆಗ ಫೋನು ಹೊಡೆದುಕೊಂಡಿತು.

ಭಾನುವಾರ ಮುಚ್ಚಿರುವ ಆಫೀಸಿಗೆ ಯಾರು ಫೋನು ಮಾಡುತ್ತಾರೆ? ಪದ್ಮಾ ಎತ್ತಿ, ಕೇಳಿ, ರಿಸೀವರಿನ ಮೇಲೆ ಅಂಗೈ ಇಟ್ಟರು.

"ವೈಜಾಗಿಂದ ಅಕ್ಕಾ. ನಿಮಗೇ. ನಿಮ್ಮ ಮನೆಯವರು."

ನಾನು ರಾಯರ ಕಡೆ ನೋಡಿದೆ.

"ನೀನು ಈ ಬ್ರಾಂಚಿಗೆ ಕರೆದಿದ್ದೀಯ ಅಂತ ಹೊರಡೋ ಮುಂಚೆ ಜಗನ್ಮೋಹನ್ ಗಾರಿಗೆ ಹೇಳಿದ್ದೆ," ಎಂದರು ಅವರು ನೆಲ ನೋಡುತ್ತ. "ಅವರಿಗೆ ಮಾತ್ರ."

ಅನ್ನವರಂನಲ್ಲಿ ವ್ರತಕ್ಕೆ ಕೂತಿರಬೇಕಾದ ಹೆಂಡತಿಯನ್ನು ಹುಡುಕಿಕೊಂಡು ಗಂಡನ ಫೋನು ವಿಜಯವಾಡಕ್ಕೆ ಬಂದಿತ್ತು. ರಿಸೀವರ್ ಕಿವಿಗೆ ಇಟ್ಟುಕೊಂಡೆ.

"ವಿಜೀ," ಎಂದರು ಚಂದ್ರಮೌಳಿ. ಮೆಲ್ಲಗೆ, ಜ್ವರ ಬಂದ ಮಗುವಿನ ಹತ್ತಿರ ಮಾತಾಡುವಂತೆ. "ಅಲ್ಲಿಗೆ ಯಾಕೆ ಹೋದೆ ಅಂತ ಕೇಳಲ್ಲ. ಆ ಪ್ರೋಗ್ರಾಮು ಓಡಿಸಿದ್ಯಾ?"

ಯಾವ ಪ್ರೋಗ್ರಾಮು ಎಂದು ನಾನು ಅವರಿಗೆ ಯಾವತ್ತೂ ಹೇಳಿರಲಿಲ್ಲ. ಫ್ಲಾಪಿಯ ವಿಷಯ ರಾಯರಿಗೇ ಈಗಷ್ಟೇ ಗೊತ್ತಾದದ್ದು. ವಿಜಯವಾಡ ಎಂದು ಕೇಳಿದೊಡನೆ ಶನಿವಾರದ ವ್ಯಾನು ನೆನಪಾಗಿದ್ದು ಅದಕ್ಕೆ ಔಷಧ ತುಂಬಿಸಿ ಕಳಿಸುತ್ತಿದ್ದ ಮನುಷ್ಯನಿಗೆ.

"ಇಲ್ಲ," ಎಂದೆ.

"ಒಳ್ಳೇದಾಯ್ತು." ಉಸಿರು ಬಿಟ್ಟದ್ದು ಅಷ್ಟು ದೂರದಿಂದಲೂ ಕೇಳಿಸಿತು. "ಇನ್ನು ಅದೆಲ್ಲ ಬೇಡ ಕಣೇ. ಬೆಳಿಗ್ಗೆ ಜೈಲಿಗೆ ಹೋಗಿದ್ದೆ. ಅಶ್ವತ್ಥನ ಹತ್ರ ಮಾತಾಡಿದೆ. ನಾಳೆ ಕೋರ್ಟಲ್ಲಿ ತಪ್ಪು ಒಪ್ಪಿಕೊಳ್ತಾನೆ. ಒಪ್ಪಿಕೊಂಡ್ರೆ ಶಿಕ್ಷೆ ಕಮ್ಮಿ ಆಗುತ್ತೆ. ನಿನಗೋಸ್ಕರ ಒಪ್ಪಿದ, ವಿಜೀ. ಅಕ್ಕನ ಸಂಸಾರ ಚೆನ್ನಾಗಿರಲಿ ಅಂದ."

ನನ್ನ ಅಶ್ವತ್ಥ. ನನಗಿಂತ ಚಿಕ್ಕವನು, ನನ್ನ ಕೈ ಹಿಡಿದು ಬಾಲವಾಡಿಗೆ ಹೋದವನು. ಅವನ ತಟ್ಟೆಗೆ ನನ್ನ ಪಕ್ಕದಲ್ಲೇ ಕೂತು ದಿನಾ ಸಾರು ಬಡಿಸಿದ ಮನುಷ್ಯ, ಅವನ ಕೈಯಿಂದಲೇ ಕಂಪೈಲ್ ಮಾಡಿಸಿ ಅವನ ಕತ್ತಿಗೆ ಹಗ್ಗ ಹಾಕಿಸಿ, ಅದರ ಗಂಟನ್ನು ನನ್ನ ಹೆಸರಿನಲ್ಲಿ ಬಿಗಿದಿದ್ದ. ಕಿರುಚಬೇಕು ಅನ್ನಿಸಿತು. ಕಿರುಚಿದ್ದರೆ ಚಂದ್ರಮೌಳಿ ಆ ಸಂಜೆಯೇ ಊರು ಬಿಡುತ್ತಿದ್ದರು, ಅಶ್ವತ್ಥ ನಾಳೆ ಕಟಕಟೆಯಲ್ಲಿ ನಿಂತು ಮುಗಿದುಹೋಗುತ್ತಿದ್ದ.

"ರೀ," ಎಂದೆ. ಹಬ್ಬದ ದಿನ ಸೀರೆ ಕೇಳುವಾಗ ಬರುವ ದನಿ ಅದು. ಎಲ್ಲಿಂದ ಬಂತೋ ಕಾಣೆ. "ನನಗೆ ಇಲ್ಲಿ ಒಬ್ಬಳಿಗೇ ಭಯ ಆಗ್ತಿದೆ. ಈ ರಾಯರು ಏನೇನೋ ಹೇಳ್ತಿದ್ದಾರೆ, ನನಗೆ ಒಂದೂ ತಿಳೀತಿಲ್ಲ. ಫ್ಲಾಪಿ ನನ್ನ ಹತ್ರಾನೇ ಇದೆ. ನೀವೇ ಬಂದು ಅದನ್ನ ಏನು ಮಾಡ್ಬೇಕೋ ಮಾಡಿಬಿಡಿ. ಕಂಪನಿ ಕಾರಲ್ಲಿ ಈಗಲೇ ಹೊರಡ್ತೀರಾ?"

ಆ ಕಡೆ ಕಾರಿನ ಕೀಲಿಗೊಂಚಲು ಗಲಗಲ ಎಂದಿತು.

"ಹೊರಟೆ," ಎಂದರು. "ಯಾರ ಹತ್ರಾನೂ ಮಾತಾಡಬೇಡ."

"ಇಲ್ಲ ರೀ. ಹುಷಾರಾಗಿ ಬನ್ನಿ."

ರಿಸೀವರ್ ಇಟ್ಟೆ. ರಾಯರು ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದರು. ಪದ್ಮಾರ ಕಣ್ಣೀರು ನಿಂತಿತ್ತು.

"ಇಲ್ಲಿ ಲಾಡ್ಜಲ್ಲಿ ಕಾಯ್ತಿರೋ ನಮ್ಮ ವಕೀಲರಿಗೆ ಒಂದು ಫೋನು ಹಾಕಿ ಪದ್ಮಾ," ಎಂದೆ. "ಪೊಲೀಸರನ್ನ ಕರ್ಕೊಂಡು ಕೆಳಗಿನ ಗೋದಾಮಲ್ಲಿ ಕೂತಿರಲಿ, ನಾನು ಕರೆಯೋವರೆಗೂ ಮೇಲೆ ಬರೋದು ಬೇಡ. ಅದಾದ ಮೇಲೆ ಆ ಹೆಸರುಗಳನ್ನ ಇನ್ನೊಂದು ಸಲ ಟೈಪ್ ಮಾಡಿ."

"ಎಲ್ಲಾನೂ ಅಕ್ಕಾ?"

"ಎಲ್ಲಾನೂ. ಕೊನೇಲಿ ಅಶ್ವತ್ಥನದೂ ಸೇರಿಸಿ. ಈ ಸಲ ನಮ್ಮ ಮನೆಯವರ ಕೈಲಿ ಒತ್ತಿಸ್ತೀನಿ."